ಗುಲ್‌ಮೊಹರೋ, ಆಕಾಶಮಲ್ಲಿಗೆಯೋ?

ಅಂಗಳದಲ್ಲಿ ಗುಲ್‌ಮೊಹರ ಹಚ್ಚಬೇಕೋ ಆಕಾಶಮಲ್ಲಿಗೆ ಹಚ್ಚಬೇಕೋ ಎಂದು ಕೇಳಿಕೊಂಡು ಯಾರೇ ನರ್ಸರಿಗೆ ಬಂದರೂ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ನಿಮ್ಮ ಬಾಜೂ ಮನೆಯವರು ಹೇಗಿದ್ದಾರೆ? ಬಂದವರು ತಬ್ಬಿಬ್ಬಾಗುತ್ತಿದ್ದರು. ಮಣ್ಣು ಕೆಂಪೋ ಕಪ್ಪೋ, ನೀರು ಬೋರಿನದೋ ನಳದ್ದೋ ಎಂದು ಕೇಳಿಯಾಳು ಅಂದುಕೊಂಡವರಿಗೆ, ಇದೇನಿದು, ಹೆಣ್ಣು ಕೊಡುವವರ ಹಾಗೆ ವಿಚಾರಣೆ ಶುರು ಮಾಡಿದಳಲ್ಲ ಅನಿಸುತ್ತಿತ್ತು. ಒಬ್ಬರಂತೂ ಸಿಟ್ಟಿಗೆದ್ದು, ಬಾಜೂ ಮನೆಯವರ ಸುದ್ದಿ ತೆಗೆಯುವುದಾದರೆ ಗಿಡವೇ ಬೇಡ ಎಂದು ಹೋಗಿಬಿಟ್ಟರು. ಅವರಿಗೆ ಗಿಡ ಮಾರದೆ ಇದ್ದದ್ದು ಒಳ್ಳೆಯದೇ ಆಯಿತು.

ನಾನು ಚಿಕ್ಕೋಡಿ-ನಿಪ್ಪಾಣಿ ರಸ್ತೆಯ ಬದಿಯ ಒಂದು ನರ್ಸರಿಯಲ್ಲಿ ಕೆಲಸ ಮಾಡಿದವಳು. ಸೇರಿದಾಗ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುತ್ತಿದ್ದೆ. ಬಿಡುವ ಹೊತ್ತಿಗೆ ಜನರ ಮನೆಗೆ ಹೋಗಿ, ಜಾಗ ನೋಡಿ, ಎಲ್ಲಿ ಯಾವ ಗಿಡ ಎಂದು ಹೇಳುವ ಕೆಲಸ ನನ್ನದಾಗಿತ್ತು. ನಡುವೆ ಏನೇನು ಬಡ್ತಿ ಸಿಕ್ಕಿತು ಎಂಬುದು ಕೇಳುವ ಕಥೆಯಲ್ಲ, ಬಿಟ್ಟುಬಿಡುತ್ತೇನೆ. ಸುಮನ್ ಎಂಬ ನನ್ನ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ನಿಪ್ಪಾಣಿಯಿಂದ ಅಥಣಿಯವರೆಗೆ ಎಲ್ಲರಿಗೂ ನಾನು ಗಿಡದಬಾಯಿ.

ಈಗ ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ತೋಟಗಾರಿಕೆ ಓದಿಕೊಂಡವರು, ಚುರುಕಿನವರು. ವಾರಕ್ಕೊಮ್ಮೆಯಾದರೂ ಫೋನ್ ಮಾಡಿ, ಬಾಯಿ, ಇಂಥ ಗಿರಾಕಿ ಬಂದಾನ, ಏನ ಹೇಳೂಣು ಎಂದು ಕೇಳುತ್ತಾರೆ. ಹತ್ತರಲ್ಲಿ ಏಳು ಸಲ ಅದೇ ಎರಡು ಗಿಡದ ಪ್ರಶ್ನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯಲು ಕೂತಿದ್ದೇನೆ.

ಎರಡೂ ಬೇಗ ಬೆಳೆಯುವ ಗಿಡಗಳು. ಮನೆ ಕಟ್ಟಿ ಬಣ್ಣ ಒಣಗುವುದರೊಳಗೆ ನೆರಳು ಬೇಕು ಅನ್ನುವವರು ಇವೆರಡರಲ್ಲಿ ಒಂದನ್ನು ಕೇಳಿಯೇ ಕೇಳುತ್ತಾರೆ. ಗುಲ್‌ಮೊಹರ ಅಡ್ಡ ಬೆಳೆಯುತ್ತದೆ, ಕೊಡೆ ಬಿಚ್ಚಿದ ಹಾಗೆ. ಬೇಸಿಗೆಯಲ್ಲಿ ಮೈತುಂಬ ಕೆಂಪು. ಬೇರು ಮಾತ್ರ ಆಳಕ್ಕೆ ಹೋಗುವುದಿಲ್ಲ, ನೆಲದ ಮೇಲುಮೇಲೇ ಹರಿದು ಎಲ್ಲಿ ನೀರಿನ ವಾಸನೆ ಬರುತ್ತದೋ ಅಲ್ಲಿಗೆ ತಲೆ ತೂರಿಸುತ್ತದೆ. ಆಕಾಶಮಲ್ಲಿಗೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಜಾಗ ಕಡಿಮೆ, ದೀಪಾವಳಿಯ ಹೊತ್ತಿಗೆ ಉದ್ದನೆಯ ಬಿಳಿ ಹೂವು, ಬೆಳಗಾಗುವುದರೊಳಗೆ ನೆಲವೆಲ್ಲ ಹಾಸಿಗೆ, ವಾಸನೆಯಂತೂ ಓಣಿಗೆಲ್ಲ. ಆದರೆ ಕಟ್ಟಿಗೆ ಮೆತ್ತಗೆ, ಜೋರು ಗಾಳಿಗೆ ಮುರಿಯುತ್ತದೆ. ಬೇರಿನಿಂದ ಎಲ್ಲೆಂದರಲ್ಲಿ ಮರಿ ಏಳಿಸುತ್ತದೆ, ನಿಮ್ಮ ಅಂಗಳ ಅನ್ನುವುದಿಲ್ಲ, ಮಂದಿಯ ಅಂಗಳ ಅನ್ನುವುದಿಲ್ಲ. ಪುಸ್ತಕದಲ್ಲಿ ಇಷ್ಟು ಇರುತ್ತದೆ. ಉಳಿದದ್ದು ನಾನು ಹೇಳುತ್ತೇನೆ.

ಮೊದಲು ಹೆಸರಿನ ತೊಂದರೆ ಹೇಳಬೇಕು. ನಮ್ಮ ಮಾಲಕರು ಅಪ್ಪಾಸಾಹೇಬರು. ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬಾರದು ಎಂಬುದೊಂದೇ ಅವರ ವ್ಯಾಪಾರದ ಸೂತ್ರ. ಮಾವು ಕೇಳಿದವನಿಗೆ ಮಾವು ಇಲ್ಲದಿದ್ದರೆ ಪೇರಲ ತೋರಿಸಿ, ಇದೂ ಹಣ್ಣೇ ಅನ್ನುತ್ತಿದ್ದರು. ಗಿಡದ ಚೀಟಿಗಳನ್ನು ತಾವೇ ಬರೆಯುತ್ತಿದ್ದರು. ಗಡಿಯ ಊರು, ಎರಡೂ ಭಾಷೆಯ ಗಿರಾಕಿಗಳು. ಆಕಾಶಮಲ್ಲಿಗೆಗೆ ಮರಾಠಿಯಲ್ಲಿ ಆಕಾಶನಿಂಬ ಎಂದೂ ಹೆಸರಿದೆ. ಅಲ್ಲಿ ನಿಂಬ ಅಂದರೆ ಬೇವು. ಒಂದು ವರ್ಷ ಅಪ್ಪಾಸಾಹೇಬರು ಇಡೀ ಸಾಲಿಗೆ ಕನ್ನಡ ಅಕ್ಷರದಲ್ಲಿ ಆಕಾಶನಿಂಬ ಎಂದು ಬರೆದು ತೂಗುಹಾಕಿದರು.

ಆ ಸಾಲಿನಿಂದ ಪಾಲಬಾವಿಯ ಒಬ್ಬ ರೈತರು ನಾಲ್ಕು ಗಿಡ ಒಯ್ದರು. ಮೂರು ವರ್ಷ ಬಿಟ್ಟು ಬಂದವರು ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಗಿಡ ಭಾಳ ಚಲೋ ಬಂದಾವ್ರಿ ಬಾಯಿ, ನೀರಿನ ಟಾಕಿಗಿಂತ ಎತ್ತರ ಆಗ್ಯಾವ, ಆದರ ಒಂದೂ ನಿಂಬಿಕಾಯಿ ಬಿಟ್ಟಿಲ್ಲ ಎಂದರು. ಅವರ ಮನೆಯವರು ಎರಡು ವರ್ಷದಿಂದ ಉಪ್ಪಿನಕಾಯಿಯ ಭರಣಿ ತೊಳೆದು ಇಟ್ಟಿದ್ದರಂತೆ. ನಾನು ಅಪ್ಪಾಸಾಹೇಬರ ಕಡೆ ನೋಡಿದೆ. ಅವರು ಸ್ವಲ್ಪವೂ ಅಳುಕದೆ, ಇದು ಆಕಾಶದ ನಿಂಬಿ, ಕಾಯಿ ಮ್ಯಾಲ ಬಿಡತಾವ ಎಂದರು. ಆ ರೈತರು, ಹಂಗಾರ ಏಣಿನೂ ನೀವ ಕೊಡ್ರಿ ಅಂದರು. ಆಮೇಲೆ ನಾನು ವಿಷಯ ಬಿಡಿಸಿ ಹೇಳಿ, ನಿಜವಾದ ನಿಂಬೆಯ ಎರಡು ಗಿಡ ಕೈಗಿಟ್ಟು ಕಳಿಸಿದೆ. ಅಂದಿನಿಂದ ಚೀಟಿ ಬರೆಯುವ ಕೆಲಸ ನನಗೆ ಬಂತು. ಹುಡುಗಿಯರೇ, ಚೀಟಿಯ ಮೇಲೆ ಹೆಸರಿನ ಜೊತೆ ಹೂವಿನ ಚಿತ್ರವನ್ನೂ ಅಂಟಿಸಿ. ಭಾಷೆ ಕೈಕೊಟ್ಟರೂ ಚಿತ್ರ ಕೈಕೊಡುವುದಿಲ್ಲ.

ಗುಲ್‌ಮೊಹರದ ತೊಂದರೆ ಬೇರೆ ತರಹದ್ದು. ಕಾಗವಾಡದ ಕಡೆ ದ್ರಾಕ್ಷಿ ಬೆಳೆಯುವ ಒಬ್ಬರು ಹೊಸ ಬಂಗಲೆ ಕಟ್ಟಿಸಿ ಗೇಟಿನ ಎರಡೂ ಬದಿಗೆ ಗುಲ್‌ಮೊಹರ ಹಚ್ಚಿಸಿದ್ದರು. ಚಳಿಗಾಲದ ಕೊನೆಯಲ್ಲಿ ಮಗಳ ನಿಶ್ಚಯ. ಅದಕ್ಕೆ ಮುಂಚೆ ಫೋನ್ ಬಂತು, ಗಿಡ ಸತ್ತಾವ, ಲಗೂನ ಬರ್ರಿ ಎಂದು. ಹೋಗಿ ನೋಡಿದರೆ ಗಿಡಗಳು ಆರಾಮಾಗಿದ್ದವು. ಎಲೆಯೆಲ್ಲ ಉದುರಿ, ಕರಿ ಕತ್ತಿಗಳ ಹಾಗೆ ಕಾಯಿ ಜೋತುಬಿದ್ದಿದ್ದವು, ಅಷ್ಟೆ. ಬೇಸಿಗೆಗೆ ಮತ್ತೆ ಚಿಗುರುತ್ತದೆ, ಕೆಂಪಗಾಗುತ್ತದೆ ಎಂದು ಹೇಳಿದೆ. ನಿಶ್ಚಯ ಬೇಸಿಗೆಗೆ ಮುಂದೆ ಹಾಕಲು ಬೀಗರು ಒಪ್ಪುವುದಿಲ್ಲ, ಗಿಡವನ್ನು ಹಿಂದಕ್ಕೆ ತರಲು ಆಗುತ್ತದೇನು ನೋಡಿ ಎಂದರು ಅವರು. ಮಿರಜಿನಿಂದ ಪ್ಲಾಸ್ಟಿಕ್ ಹೂವಿನ ಮಾಲೆ ತರಿಸಿ ಪ್ರತಿ ಟೊಂಗೆಗೂ ಸುತ್ತಿಸಿದರು. ಫೋಟೋದಲ್ಲಿ ಬಹಳ ಚೆಂದ ಬಂತು. ಆ ಫೋಟೋ ಎಲ್ಲರ ಮೊಬೈಲಿಗೂ ಹೋಗಿ, ಮುಂದಿನ ಮಳೆಗಾಲದಲ್ಲಿ ಆ ಸುತ್ತಿನ ಹಳ್ಳಿಗಳಿಂದ ಜನ ಬಂದು, ಎಲೆಯೇ ಇಲ್ಲದೆ ಬರೇ ಹೂವು ಬಿಡುವ ಆ ಜಾತಿಯ ಗುಲ್‌ಮೊಹರ ಬೇಕು ಎಂದರು. ಆ ಜಾತಿ ಇನ್ನೂ ಬಂದಿಲ್ಲ ಎಂದೆ. ಇಲ್ಲ ಅನ್ನಬಾರದು ಎಂಬ ಸೂತ್ರ ಆ ಹೊತ್ತಿಗೆ ನನ್ನ ನಾಲಿಗೆಗೂ ಹತ್ತಿತ್ತು.

ಇವು ಸಣ್ಣ ಪ್ರಸಂಗಗಳು. ಈ ಎರಡು ಗಿಡಗಳ ನಿಜವಾದ ಗುಣ ನನಗೆ ಗೊತ್ತಾದದ್ದು ನಿಪ್ಪಾಣಿಯ ಹೊಸ ಬಡಾವಣೆಯೊಂದರಲ್ಲಿ, ಒಂದೇ ಗೋಡೆಯ ಆಚೆ ಈಚೆ ಇದ್ದ ಎರಡು ಮನೆಗಳಲ್ಲಿ.

ಈಚೆ ಮನೆ ಜಾಧವ ಸರ್ ಅವರದು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಆಚೆ ಮನೆ ಗುಲಾಬಸಾಹೇಬ ನದಾಫರದು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಜಾಧವ ಸರ್ ದಿನಾ ಸಾಲೆಗೆ ಹೋಗುತ್ತಿದ್ದದ್ದು ನದಾಫರ ಬಸ್ಸಿನಲ್ಲೇ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಮಾತಾಡುತ್ತ. ಆ ಗೆಳೆತನದಲ್ಲೇ ಬಾಜೂ ಬಾಜೂ ಪ್ಲಾಟು ತೆಗೆದುಕೊಂಡರು, ಒಂದೇ ಗೌಂಡಿಯಿಂದ ಮನೆ ಕಟ್ಟಿಸಿದರು, ಒಂದೇ ದಿನ ನರ್ಸರಿಗೆ ಗಿಡಕ್ಕೆ ಬಂದರು.

ಜಾಧವ ಸರ್‌ಗೆ ಗುಲ್‌ಮೊಹರವೇ ಬೇಕಿತ್ತು. ಸಾಲೆಯಲ್ಲಿ ಕೆಂಪು ಬಣ್ಣದ ಡಬ್ಬಿ ಯಾವಾಗಲೂ ಮೊದಲು ಖಾಲಿಯಾಗುತ್ತಿತ್ತು, ಇನ್ನು ಮುಂದಾದರೂ ಕೆಂಪನ್ನು ಹೊಟ್ಟೆ ತುಂಬ ನೋಡುತ್ತೇನೆ ಎಂದರು. ನದಾಫರು ಆಕಾಶಮಲ್ಲಿಗೆ ಎಂದರು. ಕಾರಣ ಕೇಳಿದೆ. "ಜಲ್ಮ ಎಲ್ಲಾ ಡೀಸೆಲ್ ವಾಸನಿ ಕುಡದೀನ್ರಿ ಬಾಯಿ. ಮೂಗ ಒಂದ ಸಲ ತೊಳಕೊಬೇಕಾಗೇತಿ" ಎಂದರು.

ನಾನು ಜಾಗ ನೋಡಲು ಹೋದೆ. ಎರಡೂ ಸಣ್ಣ ಅಂಗಳಗಳು. ಇಂಥ ದೊಡ್ಡ ಗಿಡಗಳಿಗೆ ಇದು ಸಾಲದು, ಬೇರೆ ಸಣ್ಣ ಗಿಡ ಕೊಡುತ್ತೇನೆ ಎಂದೆ. ಇಬ್ಬರೂ ಒಪ್ಪಲಿಲ್ಲ. ಹಾಗಾದರೆ ಮನೆಯಿಂದ, ಗೋಡೆಯಿಂದ, ನೀರಿನ ತೊಟ್ಟಿಯಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಎಂದು ಹೇಳಿ, ರಸ್ತೆಯ ಕಡೆಯ ಮೂಲೆಯಲ್ಲಿ ಎರಡೂ ಕಡೆ ಗೂಟ ಹೊಡೆಸಿ ಬಂದೆ. ಮಳೆ ಮುಗಿದ ಮೇಲೆ ಹೋಗಿ ನೋಡಿದರೆ ಗುಂಡಿಗಳು ನಡೆದುಕೊಂಡು ನಡುಗೋಡೆಯ ಹತ್ತಿರ ಬಂದಿದ್ದವು. ಜಾಧವ ಸರ್ ತಮ್ಮ ಸ್ಕೂಟರ್ ನಿಲ್ಲಿಸಲು ಜಾಗ ಬೇಕೆಂದು ಸರಿಸಿದ್ದರು. ನದಾಫರು, ಸರ್ ಗಿಡ ಇಲ್ಲೈತಿ, ನಂದು ಅಲ್ಲಿ ಒಂದ ಇದ್ದರ ಅದಕ್ಕ ಬ್ಯಾಸರ ಬರತೈತಿ ಎಂದು ಸರಿಸಿದ್ದರು.

ಗಿಡ ಹಚ್ಚಿದ ಮೇಲೆ ಪೈಪೋಟಿ ಶುರುವಾಯಿತು. ಯಾರ ಗಿಡ ಮೊದಲು ಮಾಳಿಗೆ ಮುಟ್ಟುತ್ತದೆ ಎಂದು. ಜಾಧವ ಸರ್ ಸಾಲೆಯಿಂದ ತಂದಿಟ್ಟುಕೊಂಡ ಕಟ್ಟಿಗೆಯ ಸ್ಕೇಲಿನಿಂದ ಎರಡೂ ಗಿಡ ಅಳೆಯುತ್ತಿದ್ದರು. ಆ ಸ್ಕೇಲು ಗುಲ್‌ಮೊಹರದ ಮುಂದೆ ಒಂದು ತರಹ, ಆಕಾಶಮಲ್ಲಿಗೆಯ ಮುಂದೆ ಒಂದು ತರಹ ಅಳೆಯುತ್ತದೆ ಎಂದು ನದಾಫರ ದೂರು. ನದಾಫರು ಕುರಿಗೊಬ್ಬರ ತರಿಸಿದರೆ ಸರ್ ಮೀನಿನ ಅಂಗಡಿಗೆ ಹೇಳಿ ಮೀನಿನ ಕಸ ತರಿಸಿದರು. ಓಣಿಯ ಬೆಕ್ಕುಗಳೆಲ್ಲ ಗುಲ್‌ಮೊಹರದ ಬುಡದಲ್ಲಿ ಸಭೆ ಸೇರುತ್ತಿದ್ದವು. ಎರಡೂ ಮನೆಯ ಹೆಂಗಸರು, ಅಂದರೆ ಸರ್ ಮನೆಯವರಾದ ಶಾಲಿನಿ ಅಕ್ಕ ಮತ್ತು ನದಾಫರ ಮನೆಯವರಾದ ಹಸೀನಾ ಚಾಚಿ, ನನಗೆ ಫೋನ್ ಮಾಡಿ, ಇವರಿಬ್ಬರನ್ನೂ ಒಮ್ಮೆ ಬಂದು ಬೈದು ಹೋಗಿ ಎಂದು ಕರೆಯುತ್ತಿದ್ದರು. ನಾನು ಹೋಗಿ ಬೈದು, ಚಹಾ ಕುಡಿದು ಬರುತ್ತಿದ್ದೆ. ಅತಿಯಾಗಿ ಉಣಿಸಿದರೆ ಕಟ್ಟಿಗೆ ಇನ್ನೂ ಮೆತ್ತಗಾಗುತ್ತದೆ ಎಂದು ಹೇಳಿದ್ದನ್ನು ಇಬ್ಬರೂ ತಲೆಯಾಡಿಸಿ ಕೇಳಿ, ನಾನು ಗೇಟು ದಾಟುವುದರೊಳಗೆ ಬುಟ್ಟಿ ಎತ್ತುತ್ತಿದ್ದರು.

ಆಕಾಶಮಲ್ಲಿಗೆ ಮೊದಲು ಮಾಳಿಗೆ ಮುಟ್ಟಿತು. ಅದೇ ಬೇಸಿಗೆ ಗುಲ್‌ಮೊಹರ ಮೊದಲು ಹೂಬಿಟ್ಟಿತು. ಹೀಗಾಗಿ ಯಾರು ಗೆದ್ದರೆಂದು ತೀರ್ಮಾನವಾಗದೆ ಕೆಲವು ವರ್ಷ ಸುಖವಾಗಿ ಕಳೆಯಿತು.

ಜಗಳ ಬಂದದ್ದು ನೆಲದೊಳಗಿಂದ. ಒಂದು ಮುಂಜಾನೆ ನದಾಫರ ನೆಲತೊಟ್ಟಿಯಲ್ಲಿ ನೀರು ನಿಲ್ಲಲಿಲ್ಲ. ಇಳಿದು ನೋಡಿದರೆ ಗೋಡೆ ಸೀಳಿ ಗುಲ್‌ಮೊಹರದ ಬೇರು ಒಳಗೆ ಬಂದು, ಹರಡಿಕೊಂಡು, ಗಡ್ಡ ಬಿಟ್ಟುಕೊಂಡು ಕೂತಿತ್ತು. ನದಾಫರು ಹೇಳಲು ಹೋದರೆ ಜಾಧವ ಸರ್ ನದಾಫರ ಕೈಹಿಡಿದು ತಮ್ಮ ಬಚ್ಚಲಿಗೆ ಕರೆದುಕೊಂಡು ಹೋದರು. ಅಲ್ಲಿ ನೀರು ಹೋಗುವ ಜಾಲರಿಯಿಂದ ಆಕಾಶಮಲ್ಲಿಗೆಯ ಮರಿ ಎದ್ದು, ಎರಡು ಜೊತೆ ಎಲೆ ಬಿಟ್ಟಿತ್ತು. ನಾನು ಇದನ್ನು ಗೆಳೆತನಕ್ಕಾಗಿ ಇಷ್ಟು ದಿನ ಸಹಿಸಿಕೊಂಡಿದ್ದೇನೆ, ದಿನಾ ಇದಕ್ಕೆ ನಮಸ್ಕಾರ ಮಾಡಿ ಸ್ನಾನ ಮಾಡುತ್ತಿದ್ದೇನೆ ಎಂದರು ಸರ್. ಆಮೇಲೆ ಮಾತಿಗೆ ಮಾತು ಬೆಳೆಯಿತು. ನಿಮ್ಮ ಗಿಡ ಕಳ್ಳ, ನೆಲದಾಗಿಂದ ಬಂದು ನೀರ ಕುಡಿತೈತಿ ಎಂದರು ನದಾಫರು. ನಿಮ್ಮ ಗಿಡಕ್ಕೆ ಟಿಕೀಟಿಲ್ಲದೆ ಎಲ್ಲಿ ಬೇಕಾದಲ್ಲಿ ಹತ್ತುವ ಚಟ ಎಂದರು ಸರ್. ಡ್ರೈವರನಿಗೆ ಟಿಕೀಟಿನ ಮಾತು ನಾಟಿತು. ಅಂದಿನಿಂದ ಮಾತು ನಿಂತಿತು.

ಹೆಂಗಸರ ಮಾತು ನಿಲ್ಲಲಿಲ್ಲ. ಗುಲ್‌ಮೊಹರದ ಬೇರು ಎತ್ತಿ ನಡುಗೋಡೆ ಒಂದು ಕಡೆ ಬಿರಿದಿತ್ತು. ಆ ಸಂದಿಯಲ್ಲಿ ಪಲ್ಯದ ವಾಟಗ, ಅಂದರೆ ಸಣ್ಣ ಬಟ್ಟಲು, ಸರಾಗವಾಗಿ ಹಿಡಿಸುತ್ತಿತ್ತು. ಮೊದಲಾದರೆ ಪಲ್ಯ ಕೊಡಲು ಗೇಟು ಸುತ್ತಿ ಹೋಗಬೇಕಿತ್ತು, ಈಗ ಕೈ ಚಾಚಿದರೆ ಸಾಕು ಎಂದು ಹಸೀನಾ ಚಾಚಿ ನನಗೆ ಹೇಳಿದರು.

ಗಂಡಸರಿಬ್ಬರೂ ನನ್ನನ್ನು ಬೇರೆ ಬೇರೆ ದಿನ ಕರೆಸಿದರು. ಬಾಜೂದವರ ಗಿಡ ಅಪಾಯ, ತೆಗೆಸಬೇಕು ಎಂದು ನಾನು ಬರೆದುಕೊಡಬೇಕಂತೆ. ಅಪ್ಪಾಸಾಹೇಬರಿಗೆ ಗಾಬರಿ. ಇಬ್ಬರಿಗೂ ಇಲ್ಲ ಅನ್ನಬೇಡ, ಇಬ್ಬರಿಗೂ ಹೌದು ಅನ್ನಬೇಡ, ನಿನಗೆ ಜ್ವರ ಬಂದಿದೆ ಎಂದು ಹೇಳುತ್ತೇನೆ ಎಂದರು. ನಾನು ಜ್ವರ ಒಪ್ಪಿಕೊಳ್ಳದೆ ಹೋದೆ. ಇಬ್ಬರಿಗೂ ಒಂದೇ ಮಾತು ಹೇಳಿದೆ: ಎರಡೂ ಗಿಡ ತಪ್ಪು ಜಾಗದಲ್ಲಿವೆ, ತೆಗೆದರೆ ಎರಡನ್ನೂ ತೆಗೆಯಬೇಕು. ಇಬ್ಬರೂ ನನ್ನ ಮೇಲೆ ಸಿಟ್ಟಾದರು. ಆ ದಿನ ಯಾವ ಮನೆಯಲ್ಲೂ ಚಹಾ ಸಿಗಲಿಲ್ಲ. ಹುಡುಗಿಯರೇ, ಈ ವೃತ್ತಿಯಲ್ಲಿ ನಿಜ ಹೇಳುವ ದಿನ ಮನೆಯಿಂದಲೇ ಚಹಾ ಕುಡಿದು ಹೋಗಿ.

ಹೀಗೆ ಒಂದು ವರ್ಷ ಹೋಯಿತು. ಮುಂದಿನ ಮೇ ತಿಂಗಳಲ್ಲಿ, ಗುಲ್‌ಮೊಹರ ಮೈತುಂಬ ಕೆಂಪಾಗಿದ್ದಾಗ, ಒಂದು ಸಂಜೆ ಮುಂಗಾರಿಗೆ ಮುಂಚಿನ ವಳವಿನ ಮಳೆ ಬಂತು. ಆಲಿಕಲ್ಲು, ಗುಡುಗು, ಕೊಲ್ಹಾಪುರದ ಕಡೆಯಿಂದ ಎದ್ದ ಗಾಳಿ. ಕೊಗನೊಳ್ಳಿ ಹತ್ತಿರ ಹೈವೇ ಮೇಲೆ ಡಾಬಾಗಳ ತಗಡು ಹಾರಿದ ಸುದ್ದಿ ಬಂತು. ಅದರ ಹಿಂದೆಯೇ ಹಸೀನಾ ಚಾಚಿಯ ಫೋನು. ಅಳುತ್ತಿದ್ದರು. ಆಕಾಶಮಲ್ಲಿಗೆ ನಡುವೆ ಮುರಿದಿದೆ, ಬರ್ರಿ ಎಂದಷ್ಟೇ ತಿಳಿಯಿತು.

ಬೆಳಗಾಗುತ್ತಲೇ ನರ್ಸರಿಯ ಟೆಂಪೋ ತೆಗೆದುಕೊಂಡು, ಗಿಡ ಹತ್ತುವ ಭರಮಾನನ್ನೂ ಹಗ್ಗಗಳನ್ನೂ ಹಾಕಿಕೊಂಡು ಹೋದೆ. ಆಕಾಶಮಲ್ಲಿಗೆಯ ಮೇಲಿನ ಅರ್ಧ, ಒಂದು ಕಂಬದಷ್ಟು ಉದ್ದ, ಮುರಿದು ಜಾಧವ ಸರ್ ಮನೆಯ ಕಡೆ ವಾಲಿತ್ತು. ನೆಲಕ್ಕೆ ಬಿದ್ದಿರಲಿಲ್ಲ. ಗುಲ್‌ಮೊಹರದ ಎರಡು ದಪ್ಪ ಟೊಂಗೆಗಳ ನಡುವೆ ಸಿಕ್ಕಿಕೊಂಡು, ಆ ಕೆಂಪು ಹೂವಿನ ಮೇಲೆ ಅಡ್ಡ ಮಲಗಿತ್ತು. ಅದರ ಕೆಳಗೆ ಸರಿಯಾಗಿ ಶಾಲಿನಿ ಅಕ್ಕನ ಅಡಿಗೆಮನೆಯ ತಗಡಿನ ಮಾಡು. ಮಳೆ ಬಂತೆಂದು ಅವರು ಆ ಹೊತ್ತಿಗೆ ಒಳಗೆ ನಿಂತು ಭಜಿ ಕರಿಯುತ್ತಿದ್ದರಂತೆ.

ನದಾಫರು ತಮ್ಮ ಕಟ್ಟೆಯ ಮೇಲೆ ಕೂತಿದ್ದರು. ರಾತ್ರಿಯೆಲ್ಲ ಕಣ್ಣು ಮುಚ್ಚಿದವರ ಹಾಗೆ ಕಾಣಲಿಲ್ಲ. ನನ್ನನ್ನು ನೋಡಿ, ನನ್ನ ಗಿಡ ಶಾಲೂ ವೈನಿ ತಲಿ ಮ್ಯಾಲ ಬರೂದಿತ್ತು ಎಂದರು. ಜಾಧವ ಸರ್ ತಮ್ಮ ಮಾಳಿಗೆಯ ಮೇಲೆ ಬೆನ್ನು ತಿರುಗಿಸಿ ನಿಂತಿದ್ದರು.

ಕೆಲಸ ಸೂಕ್ಷ್ಮದ್ದು. ಮುರಿದ ಭಾಗವನ್ನು ರಸ್ತೆಯ ಕಡೆಗೆ ಎಳೆದು ಬೀಳಿಸಬೇಕು, ಅಡಿಗೆಮನೆಯ ಕಡೆ ಹೊರಳಬಾರದು. ಭರಮಾ ಹತ್ತಿ ಹಗ್ಗ ಕಟ್ಟಿ ಇಳಿದ. ಹಗ್ಗದ ತುದಿಯನ್ನು ಟೆಂಪೋಕ್ಕೆ ಬಿಗಿದೆವು. ನಮ್ಮ ಡ್ರೈವರ್ ಹತ್ತಲು ಹೋದರೆ ನದಾಫರು ಎದ್ದು ಬಂದು ಅವನ ಕೈಯಿಂದ ಕೀಲಿ ತೆಗೆದುಕೊಂಡು ತಾವೇ ಕೂತರು. ಎರಡೂ ಮನೆಯ ಒಳಗಿದ್ದವರನ್ನು ರಸ್ತೆಗೆ ಕರೆದೆವು. ಡ್ರೈವರನ ಸೀಟಿನಿಂದ ಹಿಂದಿನದು ಕಾಣುವುದಿಲ್ಲ. ಗಿಡ ಹೇಗೆ ತಿರುಗುತ್ತದೆ ಎಂಬುದು ಸರಿಯಾಗಿ ಕಾಣುವುದು ಮಾಳಿಗೆಯ ಮೇಲಿನಿಂದ ಮಾತ್ರ. ಅಲ್ಲಿದ್ದವರು ಜಾಧವ ಸರ್. ಅವರು ನದಾಫರ ಜೊತೆ ಮಾತಾಡುವುದಿಲ್ಲ.

ಹೀಗಾಗಿ ನಾನು ನಡುವೆ, ಗೇಟಿನ ಹತ್ತಿರ ನಿಂತೆ. ಸರ್ ಮೇಲಿನಿಂದ ಮರಾಠಿಯಲ್ಲಿ, ಬಾಯಿ, ತ್ಯಾಂನಾ ಸಾಂಗಾ, ಹಳೂಹಳೂ ಪುಢೆ ಅನ್ನುತ್ತಿದ್ದರು. ನಾನು ನದಾಫರಿಗೆ, ಸಾವಕಾಶ ಮುಂದ ತಗೋಬೇಕಂತ್ರಿ ಅನ್ನುತ್ತಿದ್ದೆ. ನದಾಫರಿಗೆ ನನಗಿಂತ ಚೆನ್ನಾಗಿ ಮರಾಠಿ ಬರುತ್ತದೆ, ಸರ್ ಹೇಳಿದ್ದು ಅವರಿಗೂ ಕೇಳುತ್ತಿತ್ತು. ಆದರೂ ನಾನು ಕನ್ನಡದಲ್ಲಿ ಹೇಳುವವರೆಗೆ ಗಾಡಿ ಅಲುಗಿಸುತ್ತಿರಲಿಲ್ಲ. ಎಷ್ಟು ಮುಂದೆ, ಅವರನ್ನು ಕೇಳಿ ಎಂದು ನನ್ನ ಮೂಲಕ ಕೇಳುತ್ತಿದ್ದರು. ಒಂದು ಹೆಜ್ಜೆ ಎಂದು ಸರ್ ನನ್ನ ಮೂಲಕ ಹೇಳುತ್ತಿದ್ದರು. ಯಾರ ಹೆಜ್ಜೆ ಎಂದು ನದಾಫರು ಮತ್ತೆ ಕೇಳಿದರು. ನೋಡಲು ನೆರೆದ ಓಣಿಯ ಜನ ಟೆನಿಸ್ ಆಟ ನೋಡುವವರ ಹಾಗೆ, ಆದರೆ ಎಡಬಲದ ಬದಲು ಮೇಲೆ ಕೆಳಗೆ, ತಲೆ ತಿರುಗಿಸುತ್ತಿದ್ದರು.

ಹಗ್ಗ ಬಿಗಿಯಾಯಿತು. ಮುರಿದ ಕಾಂಡ ಕರಕರ ಅಂದು ಅಲುಗಿ, ರಸ್ತೆಯ ಕಡೆ ಜಾರತೊಡಗಿತು. ಅಷ್ಟರಲ್ಲಿ ಹಗ್ಗ ಒಂದು ಟೊಂಗೆಗೆ ಸಿಕ್ಕಿ ಹೊರಳಿತು, ಕಾಂಡದ ಬುಡ ತಿರುಗಿ ಅಡಿಗೆಮನೆಯ ಕಡೆ ಮುಖ ಮಾಡಿತು. ಅದೇ ಗಳಿಗೆಯಲ್ಲಿ, ರಸ್ತೆಯಲ್ಲಿ ನಮ್ಮ ಜೊತೆ ನಿಂತಿದ್ದ ಶಾಲಿನಿ ಅಕ್ಕ ಕಾಣಿಸಲಿಲ್ಲ. ಒಲೆಯ ಮೇಲೆ ಹಾಲು ಬಿಟ್ಟು ಬಂದದ್ದು ನೆನಪಾಗಿ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿದ್ದರು. ಮೇಲಿದ್ದ ಸರ್‌ಗೆ ಅದು ಕಂಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ದನಿ ಬಂತು.

"ಗುಲಾಬಾ, ಥಾಂಬ. ಗಾಡಿ ಅಲಗಸಬ್ಯಾಡ. ಶಾಲೂ ಒಳಗ ಅದಾಳ."

ಟೆಂಪೋ ಇದ್ದಲ್ಲೇ ನಿಂತಿತು. ಆ ರಸ್ತೆ ಇಳಿಜಾರು, ಹಿಂದೆ ಹಗ್ಗದ ತುದಿಗೆ ಅಷ್ಟು ಭಾರ. ಸ್ವಲ್ಪ ಹಿಂದೆ ಬಂದರೂ ಹಗ್ಗ ಸಡಿಲಾಗಿ ಕಾಂಡ ತಗಡಿನ ಮೇಲೆ, ಸ್ವಲ್ಪ ಮುಂದೆ ಹೋದರೂ ತಿರುಗಿ ತಗಡಿನ ಮೇಲೆ. ನದಾಫರು ಎರಡೂ ಕಾಲು ಒತ್ತಿ, ಗಾಡಿಯನ್ನು ಒಂದು ಬೆರಳಿನಷ್ಟೂ ಅಲುಗಲು ಬಿಡದೆ ಹಿಡಿದರು. ಅವರ ಕುತ್ತಿಗೆಯ ನರ ಎದ್ದದ್ದು ನನಗೆ ಕಾಣುತ್ತಿತ್ತು. ಒಳಗಿನಿಂದ ಶಾಲಿನಿ ಅಕ್ಕ ಆರಾಮಾಗಿ, ಅರಿವೆಯಲ್ಲಿ ಹಿಡಿದ ಹಾಲಿನ ಪಾತೇಲಿಯ ಸಮೇತ ಹೊರಗೆ ಬಂದು, ಎಲ್ಲರೂ ಯಾಕ ಹಿಂಗ ನಿಂತೀರಿ ಎಂದು ಕೇಳಿದರು.

ಹಸೀನಾ ಚಾಚಿ ಅವರನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಭರಮಾ ಮತ್ತೆ ಹತ್ತಿ ಟೊಂಗೆಗೆ ಸಿಕ್ಕಿದ ಹಗ್ಗ ಬಿಡಿಸಿದ. ಈಗ ಸರ್ ನೇರವಾಗಿ ಹೇಳತೊಡಗಿದರು, ನದಾಫರು ನೇರವಾಗಿ ಕೇಳತೊಡಗಿದರು. ಹಿಂದ ಬಾ, ಸಾಕು, ಎಡಕ್ಕ, ಈಗ ಎಳಿ. ಹಳೆಯ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಮಾತಾಡುವಾಗ ಹೀಗೇ ಇತ್ತೇನೋ. ಕಾಂಡ ರಸ್ತೆಯ ನಡುವೆ ದೊಪ್ಪೆಂದು ಬಿತ್ತು. ಜೊತೆಗೆ ಒಂದು ಬುಟ್ಟಿ ಗುಲ್‌ಮೊಹರದ ಹೂವೂ ಟೆಂಪೋದ ಮೇಲೆ ಉದುರಿತು. ಮದುವೆಗೆ ಹೊರಟ ಗಾಡಿಯ ಹಾಗೆ ಕಾಣುತ್ತಿತ್ತು.

ನದಾಫರು ಇಳಿದರು. ಕೀಲಿಯನ್ನು ನಮ್ಮ ಡ್ರೈವರನ ಕೈಗೆ ವಾಪಸ್ಸು ಕೊಟ್ಟರು. ಸರ್ ಮಾಳಿಗೆಯಿಂದ ಇಳಿದು ಬಂದು ಎದುರಿಗೆ ನಿಂತರು. ಇಡೀ ಓಣಿ ಕಾದಿತ್ತು. ನದಾಫರು ಕೇಳಿದರು.

"ಹಾಲ ಉಕ್ಕಿತ್ತೇನ್ರಿ ಸರ್?"

"ಇಲ್ಲ" ಎಂದರು ಜಾಧವ ಸರ್.

"ಹಂಗಾರ ಚಾ ಇಡಾಕ ಹೇಳ್ರಿ."

ನನಗೂ ಸಿಕ್ಕಿತು. ಎರಡೂ ಮನೆಯಲ್ಲಿ.

ಆ ಮಳೆಗಾಲದಲ್ಲೇ ಎರಡೂ ಗಿಡ ತೆಗೆಸಿದರು. ಆಕಾಶಮಲ್ಲಿಗೆಗೆ ತಲೆ ಉಳಿದಿರಲಿಲ್ಲ. ಗುಲ್‌ಮೊಹರದ ಟೊಂಗೆಗಳು ಆ ಭಾರ ಹೊತ್ತು ಸೀಳಿದ್ದವು. ತೊಟ್ಟಿ, ಬಚ್ಚಲು ರಿಪೇರಿಯಾದವು. ನಡುಗೋಡೆಯ ಸಂದಿಯನ್ನು ಮುಚ್ಚಲು ಬಂದ ಗೌಂಡಿಯನ್ನು ಹೆಂಗಸರು ಹಾಗೇ ವಾಪಸ್ಸು ಕಳಿಸಿದರು.

ಈ ನಡುವೆ ನರ್ಸರಿಯೂ ಬದಲಾಗಿತ್ತು. ಮೊದಲು ಬೀಜ ಹಾಕಿ, ನೀರು ಹಾಕಿ, ಸಸಿ ಮಾಡಿ ಕೊಡುತ್ತಿದ್ದೆವು. ಈಗ ಬೇರೆ ರಾಜ್ಯದಿಂದ ಲಾರಿಯಲ್ಲಿ ಆಳೆತ್ತರದ ಗಿಡಗಳು ದೊಡ್ಡ ಚೀಲದಲ್ಲಿ ಕೂತು ಬರುತ್ತವೆ. ಜನ ಮೊಬೈಲಿನಲ್ಲಿ ಯಾವುದೋ ದೇಶದ ಬಂಗಲೆಯ ಫೋಟೋ ತೋರಿಸಿ, ಇಂಥದ್ದು, ಬರುವ ವಾರ ಎನ್ನುತ್ತಾರೆ. ಬೇಗ ಬೆಳೆಯುವ ಗಿಡ ಎಂಬ ಮಾತೇ ಹಳೆಯದಾಯಿತು, ಬೆಳೆದೇ ಬಂದ ಗಿಡ ಬೇಕು. ಅಪ್ಪಾಸಾಹೇಬರು ಇದಕ್ಕೂ ಇಲ್ಲ ಅನ್ನಲಿಲ್ಲ.

ನಾನು ಕೆಲಸ ಬಿಡುವ ವರ್ಷದ ಜೂನ್ ತಿಂಗಳಲ್ಲಿ, ಮೊದಲ ಮಳೆ ಬಿದ್ದ ಮೇಲೆ, ಒಂದು ರಿಕ್ಷಾದಿಂದ ಇಬ್ಬರೂ ಇಳಿದರು. ಮತ್ತೆ ಗಿಡ ಬೇಕಂತೆ. ಈ ಸಲ ಮೊದಲೇ ಹೇಳಿದೆ, ಬಕುಳ ಒಯ್ಯಿರಿ, ನಿಧಾನಕ್ಕೆ ಬೆಳೆಯುತ್ತದೆ, ಗಟ್ಟಿ ಗಿಡ, ಯಾರ ಗೋಡೆಗೂ ಹೋಗುವುದಿಲ್ಲ. ಮೈತುಂಬ ಹೂಬಿಡಲು ಎಷ್ಟು ವರ್ಷ ಎಂದು ಸರ್ ಕೇಳಿದರು. ಹೇಳಿದೆ. ನದಾಫರು ನಕ್ಕರು. "ನಮ್ಮ ಲಾಸ್ಟ್ ಸ್ಟಾಪ್ ಹತ್ರ ಬಂದೈತ್ರಿ ಬಾಯಿ. ಪ್ಯಾಸೆಂಜರ್ ಗಾಡಿ ಬ್ಯಾಡ, ಎಕ್ಸ್‌ಪ್ರೆಸ್ ಇದ್ದರ ಕೊಡ್ರಿ."

ಸರ್ ಆಕಾಶಮಲ್ಲಿಗೆಯ ಸಾಲಿನ ಮುಂದೆ ಹೋಗಿ ನಿಂತರು. ನದಾಫರು ಗುಲ್‌ಮೊಹರ ಆರಿಸತೊಡಗಿದರು. ಹಿಂದಿನ ನೆನಪು ಮರೆತು ಅದಲುಬದಲು ಮಾಡಿಕೊಂಡಿದ್ದಾರೆಂದು ನಾನು ತಿದ್ದಲು ಹೋದೆ. ಮರೆತಿರಲಿಲ್ಲ. ಗಾಳಿ ಯಾವಾಗಲೂ ನದಾಫರ ಮನೆಯಿಂದ ಸರ್ ಮನೆಯ ಕಡೆ ಬೀಸುವುದರಿಂದ ಆಕಾಶಮಲ್ಲಿಗೆಯ ಹೂವೆಲ್ಲ ಸರ್ ಅಂಗಳದಲ್ಲೇ ಬೀಳುತ್ತಿದ್ದವಂತೆ. ಹೋದ ದೀಪಾವಳಿಗೆ ಬಾಗಿಲು ತೆಗೆದರೆ ಒಂದು ಹೂವಿಲ್ಲ, ಬರೇ ಫರ್ಶಿ ಕಲ್ಲು ಎಂದರು ಸರ್. ನದಾಫರ ಮೇಲಿನ ಕಿಟಕಿಯ ತುಂಬ ಬೇಸಿಗೆಯಲ್ಲಿ ಆ ಕೆಂಪೇ ಇರುತ್ತಿತ್ತಂತೆ. ಸರ್ ತಮ್ಮ ಗಿಡವನ್ನು ಕೆಳಗಿನಿಂದ ನೋಡಿದ್ದಾರೆ, ಅದರ ಮುಖ ನೋಡಿದವನು ನಾನು ಎಂದರು ನದಾಫರು. ಇಷ್ಟು ವರ್ಷ ಒಬ್ಬರ ಗಿಡವನ್ನು ಇನ್ನೊಬ್ಬರು ಉಂಡು, ಪರಸ್ಪರರ ಮೇಲೆ ದೂರು ಹೇಳುತ್ತಿದ್ದರು.

ಮನೆಯ ಅಂಗಳಕ್ಕಾದರೆ ಎರಡನ್ನೂ ಕೊಡುವುದಿಲ್ಲ ಎಂದೆ. ಅಪ್ಪಾಸಾಹೇಬರು ಒಳಗಿನಿಂದ ಕೆಮ್ಮಿದರು, ನಾನು ಕೇಳಿಸಿಕೊಳ್ಳಲಿಲ್ಲ. ಅವರ ಮನೆಗಳ ಎದುರಿಗೆ, ರಸ್ತೆಯಾಚೆ, ಬಡಾವಣೆಯವರು ಉದ್ಯಾನಕ್ಕೆಂದು ಬಿಟ್ಟ ಖಾಲಿ ಜಾಗ ಇದೆ. ಅಲ್ಲಿ ತೊಟ್ಟಿ ಇಲ್ಲ, ಬಚ್ಚಲಿಲ್ಲ, ಅಡಿಗೆಮನೆ ಇಲ್ಲ. ಬಡಾವಣೆಯವರನ್ನು ಕೇಳಿ ಅಲ್ಲಿ ಹಚ್ಚುವುದಾದರೆ ಒಯ್ಯಿರಿ ಎಂದೆ. ಕೇಳಿದ್ದೇವೆ, ಯಾರಾದರೂ ಹಚ್ಚಿದರೆ ಸಾಕು ಅಂತ ಅವರೇ ಕಾಯುತ್ತಿದ್ದಾರೆ ಎಂದರು. ಇಬ್ಬರೂ ಒಂದೊಂದು ಸಸಿ ಎತ್ತಿಕೊಂಡರು. ಬಾಜೂ ಬಾಜೂ ಹಚ್ಚಬಹುದೇನು ಎಂದು ಸರ್ ಕೇಳಿದರು.

"ಹಚ್ಚಬೌದ್ರಿ. ನಡುವ ನಲವತ್ತ ಅಡಿ ಬಿಡ್ರಿ" ಎಂದೆ.

ನದಾಫರು ಸಸಿಯನ್ನು ಕೆಳಗಿಟ್ಟು, ನರ್ಸರಿಯ ಗೇಟಿನ ಕಡೆ ನಡೆದು ಹೋದರು. ಅಲ್ಲಿ ನಿಂತು, ತಿರುಗಿ, ನಲವತ್ತು ಅಡಿ ಆಯಿತೇನೆಂದು ಕಣ್ಣಳತೆ ಮಾಡಿದರು. ಅಲ್ಲಿಂದಲೇ ಜಾಧವ ಸರ್‌ಗೆ ಒಂದು ಬೈಗುಳ ಎಸೆದರು. ಇಲ್ಲಿ ಬರೆಯುವಂಥದ್ದಲ್ಲ. ಸರ್ ಅದಕ್ಕೆ ತಕ್ಕ ಉತ್ತರವನ್ನು ಮರಾಠಿಯಲ್ಲಿ ಕೊಟ್ಟರು. ನದಾಫರು ತಲೆಯಾಡಿಸುತ್ತ ವಾಪಸ್ಸು ಬಂದು ಸಸಿಯನ್ನು ಮತ್ತೆ ಎತ್ತಿಕೊಂಡರು.

"ಸರಿ ಐತಿ. ಕೇಳಸತೈತಿ" ಎಂದರು.